ಲ್ಯಾಪ್‌ಟಾಪ್‌ನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಪಿಯಾನೋ ಕೊಂಡರೆ ಆಗಲ್ವಾ?

ವರ್ಚುವಲ್ ಪಿಯಾನೋದಲ್ಲಿ, ಅಂದರೆ ಲ್ಯಾಪ್‌ಟಾಪ್ ಕೀಗಳನ್ನೇ ಪಿಯಾನೋ ಮಾಡಿಕೊಡುವ ಸಾಫ್ಟ್‌ವೇರ್‌ನಲ್ಲಿ ಕೈ ಕೂರಿಸಿಕೊಂಡು, ಆಮೇಲೆ 61 ಕೀ ಇರುವ ಕೀಬೋರ್ಡ್ ತಗೊಳ್ಳಲಾ 88 ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದವನು. ಲ್ಯಾಪ್‌ಟಾಪ್‌ನ ಎ, ಎಸ್, ಡಿ, ಎಫ್ ಬಿಳಿ ಮನೆಗಳು, ಮೇಲಿನ ಸಾಲಿನ ಡಬ್ಲ್ಯೂ, ಇ ಕಪ್ಪು ಮನೆಗಳು. ಮೂರು ಸ್ವರ ಒಟ್ಟಿಗೆ ಒತ್ತಿದರೆ ಎಷ್ಟೋ ಸಲ ಎರಡೇ ಕೇಳಿಸುತ್ತಿತ್ತು. ನನ್ನ ಬೆರಳೇ ಸರಿಯಿಲ್ಲ ಅಂದುಕೊಂಡಿದ್ದೆ. ಅದು ಟೈಪಿಂಗ್‌ಗೆ ಮಾಡಿದ್ದು ಸ್ವಾಮಿ, ಕೆಲವು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತದೆ.

ಅದು ಹೋಗಲಿ. ನನಗೆ ನಿಜವಾದ ಹೊಡೆತ ಬಿದ್ದದ್ದು ಕೀಬೋರ್ಡ್ ಕೊಂಡಾಗ. ನೂರಾರು ಟೋನು, ತಬಲಾ ರಿದಮ್ಮು, ಬೆಲೆಯೂ ಕಡಿಮೆ. ಖುಷಿಯಿಂದ ಹೊತ್ತು ತಂದೆ. ಟಚ್ ರೆಸ್ಪಾನ್ಸ್ ಇದೆಯಾ ಅಂತ ಕೇಳಲೇ ಇಲ್ಲ. ಇರಲಿಲ್ಲ. ಅಂದರೆ ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಸದ್ದು. ಅದು ಕೊರತೆ ಅಂತ ನನಗೆ ಅನ್ನಿಸಲೂ ಇಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಇದ್ದದ್ದು ಹಾರ್ಮೋನಿಯಂ. ಅದರಲ್ಲಿ ಜೋರು, ಮೆಲು ಎಲ್ಲಾ ತಿದಿ ಒತ್ತುವ ಕೈಯದ್ದು. ಬೆರಳಿನ ಕೆಲಸ ಬರೀ ಮನೆ ಹುಡುಕುವುದು.

ಪಿಯಾನೋದಲ್ಲಿ ಹಾಗಲ್ಲ. ಕೀ ಒತ್ತಿದರೆ ಒಳಗಿನ ಸುತ್ತಿಗೆ ಹೋಗಿ ತಂತಿಗೆ ಹೊಡೆಯುತ್ತದೆ. ನೀವು ಎಷ್ಟು ವೇಗವಾಗಿ ಒತ್ತುತ್ತೀರೋ ಸುತ್ತಿಗೆಗೂ ಅಷ್ಟು ವೇಗ, ಸದ್ದೂ ಅಷ್ಟು ಜೋರು. ಅದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟುವುದಷ್ಟೇ, ಬೆರಳಿನಿಂದ ಸದ್ದು ಏರಿಸಿ ಇಳಿಸಲು ಆಗುತ್ತಿರಲಿಲ್ಲ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಸುತ್ತಿಗೆ ಇಟ್ಟಿದ್ದು ಇದಕ್ಕೇ. ಟಚ್ ಇರುವ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಕೀ ಕೆಳಗೂ ಎರಡು ಸಂಪರ್ಕ ಇರುತ್ತವೆ. ಒಂದು ತಗುಲಿ ಇನ್ನೊಂದು ತಗುಲುವ ನಡುವಿನ ಸಮಯ ನೋಡಿ ವೇಗವನ್ನು 1ರಿಂದ 127ರ ಒಳಗಿನ ಒಂದು ಸಂಖ್ಯೆ ಮಾಡುತ್ತದೆ. ನನ್ನದರಲ್ಲಿ ಆ ಲೆಕ್ಕವೇ ಇರಲಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇಲ್ಲ.

ಕೊನೆಗೆ ಮೇಷ್ಟ್ರೊಬ್ಬರ ಮನೆಯಲ್ಲಿ ನಿಜವಾದ ಪಿಯಾನೋ ಮುಂದೆ ಕೂತೆ. ಸ್ವರ ಒಂದೂ ತಪ್ಪಲಿಲ್ಲ. ಆದರೂ ಅವರು, "ಎಡಗೈ ಗುಡುಗ್ತಾ ಇದೆ, ಹಾಡು ಎಲ್ಲಪ್ಪಾ?" ಅಂದರು. ಬಲಗೈಯ ರಾಗ ಮೇಲೆ ತೇಲಬೇಕು, ಎಡಗೈ ಹಿಂದೆ ಸರಿಯಬೇಕು. ನನ್ನ ಹತ್ತೂ ಬೆರಳಿಗೆ ಒಂದೇ ಭಾರ ರೂಢಿಯಾಗಿತ್ತು. ಕಲಿಯಲು ಹಿಡಿದದ್ದಕ್ಕಿಂತ ಅದನ್ನು ಬಿಡಿಸಲು ಜಾಸ್ತಿ ಕಾಲ ಹಿಡಿಯಿತು.

ಹಾಗಾಗಿ 61 ಕೀನಾ, 88 ಕೀನಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. 61 ಅಂದರೆ ಐದು ಆಕ್ಟೇವ್ (ಸಪ್ತಕ), ಶುರುವಿಗೆ ಧಾರಾಳ ಸಾಕು. ಮೊದಲು ಟಚ್ ಕೇಳಿ. ಅಂಗಡಿಯಲ್ಲಿ ರಿದಮ್ ಎಲ್ಲಾ ಆಫ್ ಮಾಡಿಸಿ, ಒಂದೇ ಕೀಯನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ದುಡ್ಡಿದ್ದರೆ ಹ್ಯಾಮರ್ ಆಕ್ಷನ್ ಇರುವ, ಅಂದರೆ ಕೀ ಒತ್ತುವಾಗ ಪಿಯಾನೋ ಸುತ್ತಿಗೆಯಂಥ ಭಾರ ಬೆರಳಿಗೆ ಸಿಗುವ 88 ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಗ್ರೇಡ್ ಪರೀಕ್ಷೆ ಕಟ್ಟುವ ಯೋಚನೆ ಇದ್ದರೆ, ಅದರಲ್ಲಿ ಪಿಯಾನೋ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ವಿಷಯ. ಯಾವುದು ಅಂತ ಮೊದಲೇ ತೀರ್ಮಾನಿಸಿ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ಭಾರದ 88 ಸುಮ್ನೆ ಹೊರೆ.

ವರ್ಚುವಲ್ ಪಿಯಾನೋ ಬಿಸಾಕಬೇಡಿ. ಕೀಬೋರ್ಡ್ ಬಂದಮೇಲೆ ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಒಳ್ಳೆಯ ಪಿಯಾನೋ ಸದ್ದು ಅದರಿಂದಲೇ ಬರುತ್ತದೆ. ಒತ್ತಿದ ಮೇಲೆ ತಡವಾಗಿ ಕೇಳಿಸಿದರೆ ಸೆಟ್ಟಿಂಗ್‌ನಲ್ಲಿ ಬಫರ್ ಇಳಿಸಿ, ಅಂದರೆ ಸದ್ದು ಹೊರಡಿಸುವ ಮುಂಚೆ ಲ್ಯಾಪ್‌ಟಾಪ್ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳ ಸಂಖ್ಯೆ ಕಡಿಮೆ ಮಾಡಿ. 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ತುಣುಕು) ಬಫರ್ 1024 ಇದ್ದರೆ ಅದೊಂದೇ ಸುಮಾರು 23 ಮಿಲಿಸೆಕೆಂಡ್ ತಿನ್ನುತ್ತದೆ, 256 ಆದರೆ 6ರ ಹತ್ತಿರ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ, ಇನ್ನೂ ತಡ ಮಾಡುತ್ತದೆ. ವೈರಿನದ್ದೇ ಹಾಕಿಕೊಳ್ಳಿ.