ವೆಂಟಿಲೇಟರ್ ಬೇಡ ಎಂಬ ತಂದೆಯ ಮಾತು: ಬರಹದಲ್ಲಿರಲಿ

ವೃದ್ಧಾಶ್ರಮದಲ್ಲಿರುವ ನಿಮ್ಮ ತಂದೆಯವರು "ವೆಂಟಿಲೇಟರ್ ಹಾಕಿಸಬೇಡಿ" ಎಂದು ಬಾಯಲ್ಲಿ ಹೇಳಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬುದ್ಧಿ ಸ್ವಾಧೀನದಲ್ಲಿರುವಾಗಲೇ ಅವರೇ ಮನಸ್ಸಾರೆ ಬರೆದಿಡಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಂಥ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಸಹಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

"ನನ್ನನ್ನು ನರಳಿಸಬೇಡಿ" ಎಂದಷ್ಟೇ ಬರೆದರೆ ಐಸಿಯುನಲ್ಲಿ ವೈದ್ಯರಿಗೆ ದಾರಿ ಕಾಣದು. ವಾಸಿಯಾಗುವ ಭರವಸೆ ಇಲ್ಲದಾಗ ವೆಂಟಿಲೇಟರ್, ಡಯಾಲಿಸಿಸ್, ಹೃದಯ ನಿಂತಾಗ ಎದೆ ಒತ್ತುವುದು ಬೇಡ, ನೋವು ಕಡಿಮೆ ಮಾಡುವ ಔಷಧ ಮಾತ್ರ ಬೇಕು ಎಂದು ಬಿಡಿಸಿ ಬರೆಯಲಿ. ತಮ್ಮ ಪರವಾಗಿ ನಿರ್ಧರಿಸುವವರ ಹೆಸರು ಇರಲೇಬೇಕು. ನೀವು ದುಬೈನಲ್ಲಿರುವುದರಿಂದ ಊರಲ್ಲಿರುವ ನಿಮ್ಮ ಅಕ್ಕನ ಹೆಸರೂ ಸೇರಲಿ.

ಪತ್ರ ತೋರಿಸಿದ ಕೂಡಲೇ ಯಂತ್ರ ತೆಗೆಯುವುದಿಲ್ಲ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ದಯವಿಟ್ಟು ಪತ್ರವನ್ನು ಬೀರುವಿನಲ್ಲಿ ಬೀಗ ಹಾಕಿಡಬೇಡಿ. ಆಶ್ರಮದ ಫೈಲಿನಲ್ಲಿ ಒಂದು ಪ್ರತಿ, ಕುಟುಂಬ ವೈದ್ಯರ ಬಳಿ ಇನ್ನೊಂದು ಇರಲಿ.