ಆಪರೇಷನ್ ಖುಕ್ರಿ ಅಷ್ಟು ಅಪಾಯದ ಕಾರ್ಯಾಚರಣೆ ಅನ್ನುತ್ತಾರಲ್ಲ, ಏಕೆ?

ಸುತ್ತುವರಿಯಲ್ಪಟ್ಟ ನಮ್ಮ ಸೈನಿಕರನ್ನು ಬಿಡಿಸುವ ಈ ಕಾರ್ಯಾಚರಣೆ ನಡೆದದ್ದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ, 2000ರಲ್ಲಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೋಗಿದ್ದ ನಮ್ಮ ಗೂರ್ಖಾ ರೈಫಲ್ಸ್‌ನ ಎರಡು ಕಂಪನಿಗಳನ್ನು ಮೇ ತಿಂಗಳಲ್ಲಿ ಆರ್‌ಯುಎಫ್ (ರೆವಲ್ಯೂಷನರಿ ಯುನೈಟೆಡ್ ಫ್ರಂಟ್) ಎಂಬ ಗುಂಪಿನ ಬಂಡುಕೋರರು ಕೈಲಾಹುನ್ ಊರಲ್ಲಿ ಸುತ್ತುವರಿದರು. ಆಯುಧ ಕೆಳಗಿಡಿ ಅಂದರು. ಇವರು ಇಡಲಿಲ್ಲ. ಹಾಗೇ ಸುಮಾರು ಎರಡೂವರೆ ತಿಂಗಳು ಕಳೆಯಿತು.

ಶಾಂತಿ ಕಾಯಲು ಹೋದವರು ಕೊನೆಗೆ ಯುದ್ಧ ಮಾಡಿಯೇ ಹೊರಬರಬೇಕಾಯಿತು, ವಿಚಿತ್ರ ಅಲ್ವಾ? ಜುಲೈ 15ರ ಬೆಳಗ್ಗೆ ಬ್ರಿಟನ್ನಿನ ಚಿನೂಕ್ ಹೆಲಿಕಾಪ್ಟರ್‌ಗಳು ನಮ್ಮ ಪ್ಯಾರಾ ಕಮಾಂಡೋಗಳನ್ನು ಇಳಿಸಿ, ವಿಶ್ವಸಂಸ್ಥೆಯ ಸೇನಾ ವೀಕ್ಷಕರನ್ನು ಎತ್ತಿಕೊಂಡು ಹೋದವು. ಉಳಿದವರಿಗೆ ಆ ಸುಖ ಇರಲಿಲ್ಲ. ಅವರು ದಾರು ಎಂಬ ಊರಿನ ಕಡೆಯ ಕಾಡುದಾರಿ ಹಿಡಿದು, ಹೊಂಚು ಹಾಕಿದವರ ಗುಂಡಿಗೆ ಎದುರಾಗಿ ಸಾಗಬೇಕಿತ್ತು. ಅದೂ ಮಳೆಗಾಲ, ರಸ್ತೆಯೆಲ್ಲ ಕೆಸರು. ಮಳೆ ಮೋಡ ಕವಿದರೆ ಮೇಲಿನಿಂದ ಕಾಯಬೇಕಾದ ಎಂಐ-35 ಹೆಲಿಕಾಪ್ಟರ್‌ಗಳಿಗೂ ಕಷ್ಟ. ದಾರು ಕಡೆಯಿಂದ ಇನ್ನೊಂದು ಭಾರತೀಯ ತುಕಡಿ ಬಂದು ಇವರನ್ನು ಸೇರಿಕೊಂಡಿತು.

ಸುತ್ತುವರಿದಿದ್ದವರೆಲ್ಲ ಪಾರಾದರು. ಕಾರ್ಯಾಚರಣೆಯಲ್ಲಿ ನಮ್ಮ ಒಬ್ಬ ಹವಾಲ್ದಾರ್ ಪ್ರಾಣ ಬಿಟ್ಟರು, ಕೆಲವರು ಗಾಯಗೊಂಡರು.