ರವಿಕೆ ತೊಡಿಸುವಾಗಲೇ ಏಕೆ ಕೂಗುತ್ತಾರೆ?

ಪ್ರಶ್ನೆ: ನನ್ನ ತಾಯಿಗೆ 81 ವರ್ಷ, ಡಿಮೆನ್ಷಿಯಾ ಇದೆ. ಎಂಟು ತಿಂಗಳಿನಿಂದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಈಚೆಗೆ ಸ್ನಾನ ಮಾಡಿಸುವಾಗ, ರವಿಕೆ ತೊಡಿಸುವಾಗ ಕಿರುಚಿ ಸಹಾಯಕಿಯರಿಗೆ ಹೊಡೆಯುತ್ತಾರೆ. ಉಳಿದ ಹೊತ್ತು ಸುಮ್ಮನಿರುತ್ತಾರೆ. ‘ನೋವಿದೆಯೇ’ ಎಂದರೆ ‘ಇಲ್ಲ’ ಎನ್ನುತ್ತಾರೆ. ಮಂಪರು ತರಿಸುವ ಮಾತ್ರೆ ಕೊಡಲು ಕೇಂದ್ರದವರು ನನ್ನ ಸಹಿ ಕೇಳುತ್ತಿದ್ದಾರೆ. ‘ಅಮ್ಮ ಮೊದಲಿನಿಂದಲೂ ಹಠಮಾರಿ, ಸಹಿ ಹಾಕು’ ಎನ್ನುತ್ತಾನೆ ಅಣ್ಣ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಸದ್ಯಕ್ಕೆ ಸಹಿ ಹಾಕಬೇಡಿ. ಮೊದಲು ವೈದ್ಯರು ನಿಮ್ಮ ತಾಯಿಯ ಭುಜ ಮುಟ್ಟಿ ನೋಡಲಿ.

ಹಠವಾಗಿದ್ದರೆ ಊಟದ ಹೊತ್ತಿಗೂ ಇರಬೇಕಿತ್ತು. ತೋಳು ಎತ್ತಿಸಿದಾಗ ಮಾತ್ರ ಕೂಗು ಏಳುತ್ತದೆ ಎಂದರೆ ನನ್ನ ಮೊದಲ ಅನುಮಾನ ನೋವಿನ ಮೇಲೆಯೇ. ಅವರ ‘ಇಲ್ಲ’ವನ್ನು ನಂಬಬೇಡಿ. ಡಿಮೆನ್ಷಿಯಾದಲ್ಲಿ ನೋವನ್ನು ಹೇಳುವ ಮಾತು ಹೋಗುತ್ತದೆ, ನೋವು ಹೋಗುವುದಿಲ್ಲ. ಅಲ್ಲದೆ ಆ ತಲೆಮಾರಿನ ಎಷ್ಟು ಹೆಂಗಸರು ‘ನೋವು’ ಎನ್ನುತ್ತಿದ್ದರು ಹೇಳಿ? ಸೊಂಟ ಹಿಡಿದುಕೊಂಡಿದೆ, ಕಾಲು ಸೆಳೆಯುತ್ತದೆ ಎನ್ನುತ್ತಿದ್ದರು, ಅದೂ ಕೆಲಸ ಮುಗಿದ ಮೇಲೆ. ನಿಮ್ಮ ಮನೆಯ ಮಾತಿನಲ್ಲಿ, ತೋಳು ಮುಟ್ಟಿ ಕೇಳಿ, ತಲೆಯಾಡಿಸುವವರೆಗೆ ಕಾಯಿರಿ. ಸಹಾಯಕಿಯರು ಕನ್ನಡ ಬಾರದವರಾದರೆ ಆ ಪದಗಳನ್ನು ಅವರಿಗೂ ಕಲಿಸಿಕೊಡಿ.

ಮಾತಿನಲ್ಲಿ ಹೇಳಲಾಗದವರಿಗೆಂದೇ ‘ಪೇನ್‌ಆಡ್’ ಎಂಬ ಅಳತೆಯಿದೆ. ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತರಾಗುತ್ತಾರೆಯೇ ಎಂಬುದು – ಐದಕ್ಕೂ ಸೊನ್ನೆಯಿಂದ 2ರವರೆಗೆ ಅಂಕ, ಒಟ್ಟು 10. ದಾದಿಯರು ಐದು ನಿಮಿಷದಲ್ಲಿ ಮಾಡಬಹುದು. ಆದರೆ ಹಾಯಾಗಿ ಮಲಗಿದ್ದಾಗ ಹಾಕಿದ ಅಂಕದಿಂದ ಏನೂ ತಿಳಿಯುವುದಿಲ್ಲ, ಸ್ನಾನದ ಹೊತ್ತಿನಲ್ಲೇ ಹಾಕಬೇಕು. ಅಂಕ ಹೆಚ್ಚು ಬಂದರೆ ಅದು ಚಳಿಯೋ ಭಯವೋ ಇರಬಹುದು ನಿಜ. ಹಾಗಾಗಿಯೇ ವೈದ್ಯರು ಹುಡುಕಬೇಕು. ಭುಜದ ಕೀಲು ಬಿಗಿದಿದೆಯೇ, ಯಾರಿಗೂ ತಿಳಿಯದಂತೆ ಬಿದ್ದು ಮೂಳೆ ಬಿರುಕು ಬಿಟ್ಟಿದೆಯೇ? ಹಲ್ಲು, ಮಲಬದ್ಧತೆ, ಹಾಸಿಗೆ ಹುಣ್ಣುಗಳನ್ನೂ ನೋಡಲಿ.

ಔಷಧಿಯ ವಿಷಯ. ನಾರ್ವೆಯ 18 ಆರೈಕೆ ಕೇಂದ್ರಗಳ, ಡಿಮೆನ್ಷಿಯಾದ ಜೊತೆ ಉದ್ರೇಕವೂ (ಕೂಗಾಟ, ಹೊಡೆದಾಟ, ಚಡಪಡಿಕೆ) ಇದ್ದ 352 ಮಂದಿಯ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ಎಂಟು ವಾರ ಕ್ರಮವಾಗಿ ನೋವಿನ ಚಿಕಿತ್ಸೆ ಕೊಟ್ಟಾಗ ಉದ್ರೇಕ ಸರಾಸರಿ ಶೇ 17ರಷ್ಟು ತಗ್ಗಿತು. ಆ ಗುಂಪಿನ ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ವೈದ್ಯರು ‘ಬೇಕಾದಾಗ ಕೊಡಿ’ ಎಂದು ಬರೆದರೆ, ಹೊತ್ತು ಗೊತ್ತುಮಾಡಿ ಬರೆಯಲು ಕೇಳಿಕೊಳ್ಳಿ. ಬೇಕು ಎಂದು ಕೇಳಲು ನಿಮ್ಮ ತಾಯಿಗೆ ಆಗುವುದಿಲ್ಲವಲ್ಲ. ಸ್ನಾನಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಸರದಿ ಬರುವಂತಿರಲಿ. ಪ್ರಮಾಣವನ್ನು ಅವರ ತೂಕ, ಯಕೃತ್ತು ನೋಡಿ ವೈದ್ಯರೇ ನಿರ್ಧರಿಸಲಿ. ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದುಕೊಡಬೇಡಿ. ಈ ವಯಸ್ಸಿನಲ್ಲಿ ಮೂತ್ರಪಿಂಡ, ಹೊಟ್ಟೆ ಎರಡಕ್ಕೂ ಅಪಾಯ.

ಆ ಮಂಪರು ಮಾತ್ರೆಯ ಹೆಸರು ಕೇಳಿ ಬರೆದುಕೊಳ್ಳಿ. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಿಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೊಡಲೇಬಾರದು ಎಂದಲ್ಲ, ನೋವನ್ನು ಹುಡುಕುವ ಮುಂಚೆ ಬೇಡ. ನೋವಿದ್ದೂ ಕೂಗಲಾರದೆ ಬಿದ್ದಿರುವುದಕ್ಕೆ ‘ಈಗ ಶಾಂತವಾಗಿದ್ದಾರೆ’ ಎನ್ನುವವರಿದ್ದಾರೆ.

ಕೇಂದ್ರದವರೊಡನೆ ಜಗಳಕ್ಕೆ ಹೋಗಬೇಡಿ, ಏಟು ತಿನ್ನುತ್ತಿರುವವರು ಆ ಹುಡುಗಿಯರು. ಎರಡು ವಾರ ಸಮಯ ಕೇಳಿ. ಅಣ್ಣನಿಗೆ ಇದೆಲ್ಲ ವಿವರಿಸುವುದಕ್ಕಿಂತ, ಒಂದು ಬೆಳಿಗ್ಗೆ ಸ್ನಾನದ ಮನೆಯ ಬಾಗಿಲ ಹೊರಗೆ ಬಂದು ನಿಲ್ಲಲು ಹೇಳಿ. ಮುಂದಿನ ಸಲ ಹೋಗುವಾಗ ಮುಂದೆ ಗುಂಡಿಯಿರುವ ಸಡಿಲ ನೈಟಿ ನಾಲ್ಕು ಕೊಂಡುಹೋಗಿ. ತೊಡಿಸುವಾಗ ನೋವಿರುವ ತೋಳು ಮೊದಲು, ಬಿಚ್ಚುವಾಗ ಅದು ಕೊನೆಗೆ. ಸಹಾಯಕಿಯರ ಜೊತೆ ನಿಂತು ಒಮ್ಮೆ ನೀವೇ ತೊಡಿಸಿ ತೋರಿಸಿ.